ಮಗನಿಗೆ ಬೇಸ್‌ಬಾಲ್ ಹುಚ್ಚು, ಜಪಾನಿನಲ್ಲಿರುವವರು ಸ್ವಲ್ಪ ಹೇಳ್ತೀರಾ?

ಪ್ರಶ್ನೆ: ನಾವಿರೋದು ಟೋಕಿಯೊದ ನಿಶಿ-ಕಸಾಯ್‌ನಲ್ಲಿ. ಮಗ ಆರನೇ ಕ್ಲಾಸು, ಪಿಚರ್, ಅಂದರೆ ಬಾಲ್ ಎಸೆಯುವವನು. ಇಲ್ಲಿಯವರೆಗೆ ಏರಿಯಾದ ಟೀಮಿನಲ್ಲಿ ರಬ್ಬರ್ ಬಾಲಿನಲ್ಲಿ ಆಡಿಕೊಂಡಿದ್ದ. ಏಪ್ರಿಲ್‌ನಿಂದ ಮಿಡ್ಲ್ ಸ್ಕೂಲು. ಈಗಲೇ ಚರ್ಮದ ಬಾಲಿನ ಕ್ಲಬ್ಬಿಗೆ ಸೇರಿಸಿ, ಇಲ್ಲದಿದ್ದರೆ ಕೋಶಿಯೆನ್ ಹೈಸ್ಕೂಲ್ ಟೂರ್ನಿ ಮರೆತುಬಿಡಿ ಅಂತಾರೆ ಕೋಚ್. ಮಗ ನೋಡಿದರೆ ಕೋಶಿಯೆನ್ನೇ ಬೇಡ, ಅಮೆರಿಕದಲ್ಲಿ ಆಡುವ ಜಪಾನಿ ಸ್ಟಾರ್ ಓತಾನಿ ಥರ ಅಮೆರಿಕಕ್ಕೆ ಹೋಗ್ತೀನಿ ಅಂತ ಕೂತಿದ್ದಾನೆ. ನಮ್ಮಿಬ್ಬರಿಗೂ ಈ ಆಟದ ತಲೆಬುಡ ಗೊತ್ತಿಲ್ಲ.

ಸೈತಾಮಾದಿಂದ ಒಬ್ಬ ಅಮ್ಮ: ಸರ್, ಕೋಚ್ ಮಾತನ್ನು ಪೂರ್ತಿ ನಂಬಬೇಡಿ. 2025ರಲ್ಲಿ ಅಮೆರಿಕದ ಡಾಡ್ಜರ್ಸ್ ತಂಡ ಸೇರಿದ ರೋಕಿ ಸಸಾಕಿ ಮಿಡ್ಲ್ ಸ್ಕೂಲಿನಲ್ಲಿ ಆಡಿದ್ದು ರಬ್ಬರ್ ಬಾಲೇ. ಆಮೇಲೆ ಸೇರಿದ್ದು ಒಫುನಾತೊದ ಸರ್ಕಾರಿ ಹೈಸ್ಕೂಲು. 2019ರ ಇವಾತೆ ಪ್ರಾಂತ್ಯದ ಫೈನಲ್‌ನಲ್ಲಿ ಕೈಗೆ ಪೆಟ್ಟಾದೀತು ಅಂತ ಅವನ ಕೋಚ್ ಅವನನ್ನು ಆಡಿಸಲೇ ಇಲ್ಲ. ಟೀಮು ಸೋತಿತು, ಕೋಶಿಯೆನ್ ತಪ್ಪಿತು, ಕೋಚ್‌ಗೆ ಬೈಗುಳವೂ ಬಿತ್ತು.

ನಾವು ದೊಡ್ಡವನನ್ನು ಚರ್ಮದ ಬಾಲಿನ ಕ್ಲಬ್ಬಿಗೇ ಹಾಕಿದೆವು. ಶನಿವಾರ, ಭಾನುವಾರ ಎರಡೂ ಹೋಯ್ತು ಅಂದುಕೊಳ್ಳಿ. ಕಾರಿನಲ್ಲಿ ಹುಡುಗರನ್ನು ತುಂಬಿಕೊಂಡು ಹೋಗೋದು, ಕೋಚ್‌ಗಳಿಗೆ ಟೀ ಕೊಡುವ ‘ಓಚಾ ತೋಬಾನ್’ ಪಾಳಿ, ಎಲ್ಲಾ ನಮ್ಮ ತಲೆಗೇ. ಈಗ ಹುಡುಗರು ಸಿಗೋದೇ ಕಷ್ಟ ನೋಡಿ, ಈ ಪಾಳಿ ನಮ್ಮಲ್ಲಿಲ್ಲ ಅಂತಲೇ ಕೆಲವು ಕ್ಲಬ್ಬುಗಳು ಕರೀತವೆ.

ಸೇರಿಸುವ ಮುಂಚೆ ಒಂದು ದಿನ ಬೇಲಿ ಪಕ್ಕ ನಿಂತು ನೋಡಿ. ಪಿಚ್ (ಪಿಚರ್ ಎಸೆತ) ಎಣಿಸುವ ಕೌಂಟರ್ ಯಾರ ಕೈಯಲ್ಲಾದರೂ ಇದೆಯಾ? ಪಿಚಿಂಗ್ ಮುಗಿಸಿದ ಹುಡುಗನಿಗೆ ಆಗಲೇ ಕ್ಯಾಚರ್ ಪ್ಯಾಡ್ ಕಟ್ಟುತ್ತಾರಾ? ಕಟ್ಟಿದರೆ ವಾಪಸ್ ಬನ್ನಿ. ಕ್ಯಾಚರ್ ಕೂಡ ಬಾಲ್ ಬಾಲಿಗೂ ವಾಪಸ್ ಎಸೀತಾನೆ, ಮೊಣಕೈಗೆ ಬಿಡುವೇ ಇರಲ್ಲ. ಪ್ರೈಮರಿ ಮಕ್ಕಳಿಗೆ ದಿನಕ್ಕೆ 70 ಪಿಚ್ ಮಿತಿ ಇದೆ. ಹೈಸ್ಕೂಲಿನಲ್ಲಿ 2020ರಿಂದ ವಾರಕ್ಕೆ 500. ನನ್ನ ಕೇಳಿದರೆ ಅದೂ ಜಾಸ್ತಿಯೇ.

ಯೊಕೊಹಾಮಾದಿಂದ: ಮಗನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಓತಾನಿ 2012ರಲ್ಲೇ ನೇರ ಅಮೆರಿಕ ಅಂದಿದ್ದ. ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡಿಸ್ತೀವಿ ಅಂತ ಇಲ್ಲಿನ ತಂಡ ನಿಪ್ಪೊನ್ ಹ್ಯಾಮ್‌ನವರು ಒಪ್ಪಿಸಿ ಉಳಿಸಿಕೊಂಡರು. ಆಗೆಲ್ಲ ಜಪಾನಿನ ಡ್ರಾಫ್ಟ್ (ವೃತ್ತಿಪರ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳೋದು) ಬೇಡ ಅಂತ ಹೊರಗೆ ಹೋದ ಹೈಸ್ಕೂಲ್ ಹುಡುಗ ವಾಪಸ್ ಬಂದರೆ, ಮೂರು ವರ್ಷ ಇಲ್ಲಿನ ಯಾವ ತಂಡವೂ ತಗೊಳ್ಳುವ ಹಾಗಿರಲಿಲ್ಲ. ಆ ನಿಯಮವನ್ನು 2020ರಲ್ಲಿ ತೆಗೆದರು. ದೊಡ್ಡ ವ್ಯತ್ಯಾಸ ಆಗಿರೋದು ಅಲ್ಲೇ.

ಓತಾನಿ ಓದಿದ ಹನಮಾಕಿ ಹಿಗಾಶಿ ಹೈಸ್ಕೂಲಿನಲ್ಲೇ 140 ಹೋಮ್ ರನ್ ಹೊಡೆದ ರಿಂತಾರೊ ಸಸಾಕಿ (ಇವನು ಬೇರೆ ಸಸಾಕಿ) 2023ರಲ್ಲಿ ಡ್ರಾಫ್ಟ್‌ಗೆ ಹೆಸರು ಕೊಡದೆ ಸ್ಟ್ಯಾನ್‌ಫರ್ಡ್ ಹಾದಿ ಹಿಡಿದ. ಅಲ್ಲಿ ಓದುತ್ತಿರುವಾಗಲೇ ಜಪಾನಿನ 2025ರ ಡ್ರಾಫ್ಟ್‌ನಲ್ಲಿ ಸಾಫ್ಟ್‌ಬ್ಯಾಂಕ್ ತಂಡ ಮೊದಲ ಸುತ್ತಿನಲ್ಲಿ ಅವನನ್ನು ಆರಿಸಿತು. ಶೋತಾರೊ ಮೊರಿಯಿ ಹೈಸ್ಕೂಲ್‌ನಿಂದ ಸೀದಾ ಅಮೆರಿಕದ ಅಥ್ಲೆಟಿಕ್ಸ್ ತಂಡ ಸೇರಿದ, 2025ರ ಜನವರಿಯಲ್ಲಿ. ಅವನ ಶಾಲೆ, ಟೋಕಿಯೊದ ತೋಹೊ, ಹೆಸರು ಮಾಡಿರೋದು ಓದಿನಲ್ಲಿ, ಕೋಶಿಯೆನ್‌ನಲ್ಲಲ್ಲ. ಆದರೆ ಸೀದಾ ಹೋದವರು ಮೈನರ್ ಲೀಗ್‌ನ ಕೆಳಗಿನಿಂದಲೇ ಶುರು ಮಾಡಬೇಕು. ನನ್ನ ಮಗನಾಗಿದ್ದರೆ ಕಾಲೇಜು ದಾರಿಯೇ ವಾಸಿ ಅಂತಿದ್ದೆ.

ಕ್ಯಾಲಿಫೋರ್ನಿಯಾದಿಂದ: ಕಾಲೇಜು ಅಂತಾದರೆ ಮಾರ್ಕ್ಸ್ ಕಾರ್ಡುಗಳನ್ನು ಜೋಪಾನವಾಗಿಡಿ. ಇಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಒಂಬತ್ತನೇ ಕ್ಲಾಸಿನಿಂದಲೇ ವಿಷಯಗಳನ್ನು ಲೆಕ್ಕ ಹಾಕುತ್ತೆ. ಜಪಾನಿನಲ್ಲಿ ಅದು ಮಿಡ್ಲ್ ಸ್ಕೂಲಿನ ಕೊನೆಯ ವರ್ಷ, ಅಲ್ವಾ? ಹೈಸ್ಕೂಲಿಗೆ ಬಂದ ಮೇಲೆ ನೋಡಿಕೊಳ್ಳೋಣ ಅಂದರೆ ತಡವಾಗುತ್ತೆ. ದುಡ್ಡಿನ ವಿಷಯವೂ ಕೇಳಿಕೊಳ್ಳಿ. ಸ್ಟೂಡೆಂಟ್ ವೀಸಾದಲ್ಲಿರುವ ಆಟಗಾರರಿಗೆ ಜಾಹೀರಾತಿನ ದುಡ್ಡು ಸಲೀಸಾಗಿ ಸಿಗಲ್ಲ, ಬೇಸ್‌ಬಾಲ್‌ನಲ್ಲಿ ಎಲ್ಲರಿಗೂ ಪೂರ್ತಿ ಸ್ಕಾಲರ್‌ಶಿಪ್ಪೂ ಇಲ್ಲ.