ಸ್ವೇ ಬಾರ್ ಡಿಸ್ಕನೆಕ್ಟ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿತ್ತು. ಆಫ್‌ರೋಡ್ ಗಾಡಿಗೆ ಕಡಿಮೆ ಖರ್ಚಿನಲ್ಲಿ ಸ್ವೇ ಬಾರ್ ಡಿಸ್ಕನೆಕ್ಟ್ ನಾವೇ ಮಾಡಿಕೊಳ್ಳುವುದು ಹೇಗೆ ಅಂತ ಬರೆಯಲು ಕೂತೆ, ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ.

ಸ್ವೇ ಬಾರ್ ಅಂದರೆ ಎಡ ಬಲ ಚಕ್ರಗಳ ನಡುವೆ ಅಡ್ಡಕ್ಕಿರುವ ಸ್ಪ್ರಿಂಗ್ ಸ್ಟೀಲ್ ಸರಳು. ತಿರುವಿನಲ್ಲಿ ಗಾಡಿ ವಾಲಲು ಹೋದರೆ ತಾನು ತಿರುಚಿಕೊಂಡು ತಡೆಯುತ್ತದೆ. ಬಂಡೆ ಹತ್ತುವಾಗ ಮಾತ್ರ ಇದೇ ತೊಡಕು, ಒಂದು ಚಕ್ರ ಮೇಲೆದ್ದರೆ ಇನ್ನೊಂದನ್ನೂ ಮೇಲಕ್ಕೆ ಎಳೆಯುತ್ತದೆ, ಅದು ನೆಲ ಬಿಡುತ್ತದೆ. ಅದಕ್ಕೇ ಸರಳಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್‌ನಲ್ಲಿರುವ ಬೋಲ್ಟ್ ಬದಲು ಅದೇ ದಪ್ಪದ ಗಟ್ಟಿ ಪಿನ್ ಹಾಕಿ, ಪಿನ್ನಿನ ತುದಿಯ ತೂತಿಗೊಂದು ಕ್ಲಿಪ್ ಸಿಕ್ಕಿಸುವುದು. ಸ್ಪಾನರ್ ಬೇಡ, ಬೇಕೆಂದಾಗ ಕೈಯಲ್ಲೇ ತೆಗೆದು ಸರಳನ್ನು ಬಿಡಿಸಬಹುದು, ಇದೇ ಡಿಸ್ಕನೆಕ್ಟ್. ಪಿನ್ ಸಡಿಲವಿದ್ದರೆ ಲಟಲಟ ಅನ್ನುತ್ತಾ ತೂತನ್ನೇ ಅಗಲ ಮಾಡುತ್ತದೆ, ಅದು ಬೇರೆ ಮಾತು.

ಮೊದಲು ಸ್ವೇ ಬಾರ್. 'ತೂಗುಸರಳು' ಅಂದರೆ ಉಯ್ಯಾಲೆ ನೆನಪಾಗುತ್ತದೆ. 'ವಾಲುತಡೆ ಸರಳು' ಸರಿಯಿದೆ, ಉದ್ದ ಜಾಸ್ತಿ. ಸುಮ್ನೆ 'ವಾಲುಸರಳು' ಅಂದರೆ? ಅದು ವಾಲಿಸುವುದಿಲ್ಲವಲ್ಲ ಅನ್ನಬಹುದು, ಆದರೆ ಸೊಳ್ಳೆಬತ್ತಿ ಸೊಳ್ಳೆಯನ್ನು ಕರೆಯುವುದಿಲ್ಲ, ಕೆಮ್ಮಿನ ಔಷಧಿ ಕೆಮ್ಮು ತರಿಸುವುದಿಲ್ಲ, ಅಲ್ವಾ?

ನಿಜವಾದ ಕಷ್ಟ 'ಡಿಸ್ಕನೆಕ್ಟ್'ದು. ಇಂಗ್ಲಿಷಿನವರು ಕೆಲಸದ ಹೆಸರನ್ನೇ ವಸ್ತುವಿಗೂ ಇಟ್ಟುಬಿಟ್ಟಿದ್ದಾರೆ. 'ಬಿಚ್ಚು' ಅಂದರೆ ಇಡೀ ಸರಳನ್ನೇ ಬಿಚ್ಚಿದಂತೆ ಕೇಳುತ್ತದೆ. 'ಕಳಚುಕೀಲು' ನನಗೆ ಇಷ್ಟ, ಆದರೆ ಕಳಚು ಎಂಬುದಕ್ಕೆ ತಾನಾಗಿಯೇ ಕಳಚಿ ಬೀಳುವ ಅರ್ಥವೂ ಇದೆ. ಓಡುವ ಗಾಡಿಯ ಪಿನ್ನಿಗೆ ಈ ಹೆಸರು ಅಪಶಕುನ! ಎತ್ತಿನಗಾಡಿಯ ಚಕ್ರ ಜಾರದಂತೆ ಅಚ್ಚಿನ ತುದಿಗೆ ಹಾಕುವ ಕಡೆಗೀಲು (ಕಡಾಣಿ ಅಂತಲೂ ಅನ್ನುತ್ತಾರೆ) ರೂಪದಲ್ಲಿ ಇದಕ್ಕೆ ತೀರಾ ಹತ್ತಿರ, ಅದನ್ನೇ ಎರವಲು ಪಡೆಯೋಣವೆಂದರೆ ಓದಿದವನು ಚಕ್ರವನ್ನೇ ಕಿತ್ತಾನು ಅನ್ನುವ ಭಯ.

ಪದ ಸೂಚಿಸುವವರು ದಯವಿಟ್ಟು ಈ ಸಾಲಿನಲ್ಲಿ ಕೂರಿಸಿ ನೋಡಿ: "ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಎರಡೂ ಬದಿಯ ______ ತೆಗೆಯಿರಿ, ಸರಳನ್ನು ಮೇಲೆತ್ತಿ ಬ್ರೇಕ್ ಹೋಸ್‌ಗೆ ತಾಗದಂತೆ ಕಟ್ಟಿ, ರಸ್ತೆಗೆ ಇಳಿಯುವ ಮುಂಚೆ ಮರೆಯದೆ ಮತ್ತೆ ಹಾಕಿ."