ಸಕ್ಯುಲೆಂಟ್ ಗಿಡ ಕಲಬುರಗಿಯಲ್ಲಿ ಉಳಿಯುತ್ತಾ? ಬೆಳೆಸಿದವರು ಹೇಳಿ

ಪ್ರಶ್ನೆ: ನರ್ಸರಿಯಲ್ಲಿ ‘ಸಕ್ಯುಲೆಂಟ್’ ಅಂತ ಚೀಟಿ ಅಂಟಿಸಿದ ಗಿಡ ತಂದೆ. ಕಿಟಕಿಯಲ್ಲಿದೆ. ಎಲೆ ಮೆತ್ತಗಾಗಿ ಉದುರುತ್ತಿದೆ. ರಸಭರಿತ ಅಂತ ಅರ್ಥವಂತೆ, ಹಾಗಾದರೆ ನೀರು ಜಾಸ್ತಿ ಬೇಕಾ?

ಜೇವರ್ಗಿ ರಸ್ತೆ: ಎಚೆವೇರಿಯಾ ಅನ್ನೋ ಸಕ್ಯುಲೆಂಟ್‌ಗೆ 180 ಕೊಟ್ಟೆ, ಪಿಂಗಾಣಿ ಕುಂಡಕ್ಕೆ 250. ಕುಂಡಕ್ಕೆ ತೂತೇ ಇಲ್ಲ! ಅಂಗಡಿಯವರು ತುಂಬಿದ್ದು ಹೊಲದ ಕರಿಮಣ್ಣು. ಮೇಲೆ ಬಿರುಕು, ಒಳಗೆ ಹಸಿ. ಬೇರು ಕೊಳೆತು ನಾರಿತು. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಕ್ಕೆ ಆ ಮಣ್ಣು ಕೊಡುತ್ತಾರಾ? ಈಗ ಮುರುಮ್ (ಗರಸು ಮಣ್ಣು), ದಪ್ಪ ಉಸುಕು, ಇಟ್ಟಿಗೆ ಚೂರು ಬೆರೆಸುತ್ತೇನೆ. ಆ 430 ರೂಪಾಯಿಗೆ ಇನ್ನೂ ಹೊಟ್ಟೆ ಉರಿಯುತ್ತೆ.

ಬೀದರ್ ಮಾಳಿಗೆ: ನಮ್ಮ ಕೆಂಪು ಮುರುಮಿನಲ್ಲಿ ನೀರು ನಿಲ್ಲೋದೇ ಇಲ್ಲ. ನನ್ನವು ಒಂದೂ ಸತ್ತಿಲ್ಲ. ಸಕ್ಯುಲೆಂಟ್ ಅಂದ್ರೆ ಕ್ಯಾಕ್ಟಸ್ಸೇ ಅಲ್ವಾ, ಸುಮ್ನೆ ಬಿಟ್ಟುಬಿಡಿ.

ಯಾದಗಿರಿ ಅಕ್ಕ: ತಪ್ಪು ಹೇಳಬೇಡ್ರಿ. ಕ್ಯಾಕ್ಟಸ್ ಬಹುತೇಕ ಸಕ್ಯುಲೆಂಟೇ, ಆದರೆ ಸಕ್ಯುಲೆಂಟೆಲ್ಲ ಕ್ಯಾಕ್ಟಸ್ ಅಲ್ಲ. ಲೋಳೆಸರ ಏನು ಮತ್ತೆ? ಬೇಲಿಯ ಹಾಲುಗಳ್ಳಿಯೂ ಕ್ಯಾಕ್ಟಸ್ ಅಲ್ಲ. ಅದರ ಹಾಲು ಕಣ್ಣಿಗೆ ಬಿದ್ದರೆ ಗೊತ್ತಾಗುತ್ತೆ. ‘ಸುಮ್ನೆ ಬಿಡಿ’ ಅಂತ ಒಬ್ಬರು ಹೇಳಿದ್ದಕ್ಕೇ ನನ್ನ ಹಾವರ್ಥಿಯಾ ಅನ್ನೋ ಸಕ್ಯುಲೆಂಟ್ ಶಹಾಬಾದ್ ಹಾಸುಗಲ್ಲಿನ ಮೇಲೆ ಮೇ ಬಿಸಿಲಿಗೆ ಸುಟ್ಟುಹೋಯಿತು. ಆಮೇಲೆ ನೆರಳಿಗೆ ಗ್ರೀನ್ ನೆಟ್ 1,100, ಪೈಪು 640, ಕೂಲಿ 500. ಗಾಳಿಗೆ ನೆಟ್ ಹರಿದು ಮತ್ತೆ 300.

ಬೀದರ್ ಮಾಳಿಗೆ: ನಿಮ್ಮ ಬಿಸಿಲಿಗೆ ನನ್ನನ್ನೇಕೆ ಬೈತೀರಿ? ನನ್ನ ಗಿಡ ನೋಡಲು ಬನ್ನಿ.

ಊಟದ ಮನೆ: ಆ ಪದ ಗಿಡಕ್ಕಷ್ಟೇ ಅಲ್ಲ. ಇಂಗ್ಲಿಷಿನಲ್ಲಿ ಹದವಾಗಿ ಬೆಂದ ಮಾಂಸವನ್ನೂ ಮಾಗಿದ ಹಣ್ಣನ್ನೂ ಹಾಗೇ ಹೊಗಳುತ್ತಾರೆ. ಕಚ್ಚಿದರೆ ಒಳಗಿಂದ ರಸ ಬರಬೇಕು. ನಮ್ಮ ಮೆನು ಬರೆದವರು ತೊಗರಿ ಬೇಳೆಯ ದಾಲ್‌ಗೂ ಸಕ್ಯುಲೆಂಟ್ ಅಂತ ಹಾಕಿದರು. ಇಂಗ್ಲಿಷ್ ಮೇಷ್ಟ್ರೊಬ್ಬರು ತೋರಿಸಿದ ಮೇಲೆ ಎಲ್ಲ ಕಾರ್ಡೂ ಮತ್ತೆ ಪ್ರಿಂಟ್. 2,400 ಹೋಯಿತು, ಲ್ಯಾಮಿನೇಷನ್ ಬೇರೆ.

ಜೇವರ್ಗಿ ರಸ್ತೆ: ಇಲ್ಲಿ ಬೇರು ಕೊಳೆಯುವ ಮಾತು ನಡೆದಿದೆ, ದಾಲ್ ಯಾಕೆ ತಂದಿರಿ?

ಊಟದ ಮನೆ: ಅರ್ಥ ಕೇಳಿದ್ದಾರೆ, ಹೇಳಿದೆ. ನಿಮ್ಮ 430ಕ್ಕಿಂತ ನನ್ನ ನಷ್ಟ ದೊಡ್ಡದು.

ಯಾದಗಿರಿ ಅಕ್ಕ: ದುಡ್ಡಿನ ಲೆಕ್ಕ ಆಮೇಲೆ ಹಾಕಿ. ತಮ್ಮಾ, ಮೊದಲು ನೀರು ನಿಲ್ಲಿಸು. ಗಿಡ ಕಿತ್ತು ಬೇರು ನೋಡು. ಕರ್ರಗಾಗಿ ಮೆತ್ತಗಿದ್ದರೆ ಆ ಭಾಗ ಪೂರಾ ಕತ್ತರಿಸು. ಗಾಯ ನೆರಳಲ್ಲಿ ಒಣಗಿದ ಮೇಲೆ ಒಣ ಮುರುಮಿನಲ್ಲಿ ನೆಡು. ಬೀದರಿನವರ ಮಾತು ಮಾತ್ರ ಕೇಳಬೇಡ.

ಬೀದರ್ ಮಾಳಿಗೆ: ನಾನೂ ಮುರುಮ್ ಅಂತಲೇ ಹೇಳಿದ್ದು ರೀ!