ಅಮೆರಿಕದ ಡಲ್ಲಾಸ್ ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಬಹುದಾ? ಎರಡೂ ಕಡೆ ಇದ್ದವರು ಹೇಳಿ

ದಾವಣಗೆರೆಯವಳು:
ನಮಸ್ಕಾರ. ಡಲ್ಲಾಸ್ ಹತ್ತಿರದ ಪ್ಲೇನೊದಲ್ಲಿದ್ದೀವಿ, ಬಂದು ಒಂಬತ್ತು ವರ್ಷ. ನನ್ನದು ಎಚ್-1ಬಿ, ಅಂದ್ರೆ ಕಂಪನಿ ಮೂಲಕ ಸಿಗೋ ಕೆಲಸದ ವೀಸಾ. ಕಾಯಂ ವಾಸದ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದೀನಿ. ಒಂದು ದೇಶದವರಿಗೆ ಶೇ. 7ಕ್ಕಿಂತ ಹೆಚ್ಚು ಕೊಡಲ್ಲ ಅನ್ನೋ ನಿಯಮದಿಂದ ನಮ್ಮವರ ಸಾಲು ಕರಗೋದೇ ಇಲ್ಲ. ಹೋದ ತಿಂಗಳು ನಮ್ಮ ಟೀಮಿನಲ್ಲಿ ಇಬ್ಬರನ್ನು ತೆಗೆದರು. ಕೆಲಸ ಹೋದರೆ 60 ದಿನದೊಳಗೆ ಇನ್ನೊಂದು ಹುಡುಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಅವತ್ತಿನಿಂದ ಸರಿಯಾಗಿ ನಿದ್ದೆ ಹತ್ತಿಲ್ಲ.

ಈಗ ಸ್ಟುಟ್‌ಗಾರ್ಟ್‌ನಿಂದ ಆಫರ್ ಬಂದಿದೆ. ಸಂಬಳ ಇಲ್ಲಿಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಗಳಿಗೆ ಆರು ವರ್ಷ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರಲ್ಲಿ ಒಬ್ಬರೇ. ಇಲ್ಲಿಗೆ ಬಂದರೆ ಆರು ತಿಂಗಳು ನಮ್ಮ ಜೊತೆ ಇರ್ತಾರೆ. ದುಡ್ಡಿನ ಲೆಕ್ಕ ನಾವೇ ಹಾಕ್ಕೋತೀವಿ. ದಿನದಿನದ ಬದುಕು ಹೇಗಿರುತ್ತೆ, ಅದನ್ನು ಹೇಳಿ.

ನೆಕ್ಕಾರ್ ದಂಡೆ:
ನಾನು ನ್ಯೂಜೆರ್ಸಿಯಲ್ಲಿ ನಾಲ್ಕು ವರ್ಷ ಇದ್ದು 2019ರಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದವಳು. ಮೊದಲ ಆರು ತಿಂಗಳು ಅತ್ತಿದ್ದೇ ಹೆಚ್ಚು. ಬಾಡಿಗೆಗೆ ಸಿಕ್ಕ ಮನೆಯಲ್ಲಿ ಅಡುಗೆಕಟ್ಟೆಯೇ ಇರಲಿಲ್ಲ. ಇಲ್ಲಿ ಎಷ್ಟೋ ಮನೆ ಹಾಗೇ, ಸಿಂಕು ಒಲೆ ಎಲ್ಲಾ ನಾವೇ ಹಾಕಿಸ್ಕೋಬೇಕು. ನೆಲದ ಮೇಲೆ ಕರೆಂಟ್ ಒಲೆ ಇಟ್ಕೊಂಡು ಎರಡು ತಿಂಗಳು ಅನ್ನ ಸಾರು ಮಾಡಿದೆ, ಕುಕ್ಕರ್ ತೊಳೆದಿದ್ದು ಬಚ್ಚಲಲ್ಲಿ. ಭಾಷೆ ಬರಲ್ಲ, ಭಾನುವಾರ ಅಂಗಡಿ ತೆಗೆಯಲ್ಲ.

2022ರಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯ್ತು. ನಾಲ್ಕು ದಿನ ಆಸ್ಪತ್ರೆ. ಆಮೇಲೆ ಮನೆಗೆ ಬಂದ ಬಿಲ್ಲು 40 ಯೂರೊ, ದಿನಕ್ಕೆ ಹತ್ತರ ಹಾಗೆ. ನಂಬಿಕೆ ಬರದೆ ಹಾಳೆ ತಿರುಗಿಸಿ ನೋಡಿದೆ, ಹಿಂದೆ ಖಾಲಿ. ಎರಡು ವಾರ ಮನೇಲಿ ಮಲಗಿದ್ದೆ, ಸಂಬಳ ಪೂರ್ತಿ ಬಂತು. ಆರು ವಾರದವರೆಗೆ ಕಾನೂನೇ ಕೊಡಿಸುತ್ತೆ. ನ್ಯೂಜೆರ್ಸಿಯಲ್ಲಿ ಒಂದು ರಾತ್ರಿ ಮಗನ ಮೈ ಕೆಂಡದಂತೆ ಸುಡುತ್ತಿದ್ದಾಗ, ಎಮರ್ಜೆನ್ಸಿಗೆ ಓಡೋದಾ, ಬೆಳಗಾಗೋವರೆಗೆ ಕಾಯೋದಾ ಅಂತ ಡಿಡಕ್ಟಿಬಲ್ (ವಿಮೆಯವರು ಕೊಡೋ ಮುಂಚೆ ನಾವೇ ಕಟ್ಟಬೇಕಾದ ದುಡ್ಡು) ಲೆಕ್ಕ ಹಾಕುತ್ತಾ ಕೂತಿದ್ದೆ. ಮಗ ಹುಷಾರಾದ. ಆ ರಾತ್ರಿ ಮಾತ್ರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಈಗ ಅವನು ಬ್ಯಾಗು ಹಾಕ್ಕೊಂಡು ಗೆಳೆಯರ ಜೊತೆ ನಡೆದೇ ಶಾಲೆಗೆ ಹೋಗ್ತಾನೆ, ನಾನು ಕಾರು ತೆಗೆಯಲ್ಲ.

ಅಮ್ಮನ ವಿಷಯ ಮಾತ್ರ ಯೋಚನೆ ಮಾಡಿ. ಇಲ್ಲಿ ವಿಸಿಟ್ ವೀಸಾದಲ್ಲಿ 180 ದಿನಕ್ಕೆ 90 ದಿನ, ಅಷ್ಟೆ. ನಮ್ಮತ್ತೆಗೆ ಮೊಮ್ಮಗ ಹೊಂದಿಕೊಳ್ಳೋ ಹೊತ್ತಿಗೆ ಹೊರಡೋ ದಿನ ಬಂದುಬಿಡುತ್ತೆ.

ಮ್ಯೂನಿಕ್ ಗೌಡ:
ಮೇಡಂ ಹೇಳಿದ್ದು ವಿಸಿಟ್ ವೀಸಾಕ್ಕೆ ಸರಿ. ಆದರೆ 2024ರ ಮಾರ್ಚ್ 1ರಿಂದೀಚೆಗೆ ಮೊದಲ ಸಲ ಬ್ಲೂ ಕಾರ್ಡ್ (ಓದಿದ ಹೊರದೇಶದ ಕೆಲಸಗಾರರಿಗೆ ಕೊಡೋ ವಾಸದ ಪರವಾನಗಿ) ಪಡೆದವರು ತಂದೆತಾಯಿಯನ್ನು ವಾಸಕ್ಕೇ ಕರೆಸಿಕೊಳ್ಳಬಹುದು. 2019ರಲ್ಲಿ ಬಂದವರಿಗೆ ಈ ದಾರಿ ಇಲ್ಲ, ಹೊಸದಾಗಿ ಬರೋ ನಿಮಗೆ ಇದೆ. ಖರ್ಚು ಪೂರ್ತಿ ನಿಮ್ಮದು ಅಂತ ತೋರಿಸಬೇಕು, ಆರೋಗ್ಯ ವಿಮೆಯೂ ಇರಬೇಕು. ವಯಸ್ಸಾದವರಿಗೆ ವಿಮೆ ಸಿಗೋದೇ ಕಷ್ಟ, ಸಿಕ್ಕರೂ ದುಬಾರಿ. ಆಫರ್‌ಗೆ ಸಹಿ ಹಾಕೋ ಮುಂಚೆ ಅದನ್ನೇ ವಿಚಾರಿಸಿ. ಇನ್ನೊಂದು, ಜರ್ಮನ್ ಭಾಷೆಯ ಮಧ್ಯಮ ಮಟ್ಟದ ಬಿ1 ಪರೀಕ್ಷೆ ಪಾಸಾದರೆ ಬ್ಲೂ ಕಾರ್ಡಿನವರಿಗೆ 21 ತಿಂಗಳಿಗೆ ಕಾಯಂ ವಾಸ ಸಿಗುತ್ತೆ. ನಿಮ್ಮ ಒಂಬತ್ತು ವರ್ಷದ ಪಕ್ಕ ಇಟ್ಟು ನೋಡಿ.

ದಾವಣಗೆರೆಯವಳು:
ಇಬ್ಬರಿಗೂ ತುಂಬಾ ಧನ್ಯವಾದ. ಅಮ್ಮನಿಗೆ 68, ಶುಗರ್ ಇದೆ. ನಾಳೆಯಿಂದ ವಿಮೆಯವರಿಗೆ ಬರೆಯೋಕೆ ಶುರು ಮಾಡ್ತೀನಿ. ಅಲ್ಲಿಯವರೆಗೆ ಅಮ್ಮನಿಗೆ ಏನೂ ಹೇಳಲ್ಲ.